ಬಾವಿಗೆ ಅಡ್ಡ ಬಂದ ಕರಿಗಲ್ಲು

ಕುರಕುಂಟಾ
3-4-1953

ಅಪ್ಪನಿಗೆ ಮಗಳು ಮರೆಮ್ಮನ ಶರಣು.

ನನಗೆ ಎಂಟು ತಿಂಗಳು ತುಂಬಿತು. ಇನ್ನೂ ಹಳ್ಳದಿಂದ ನೀರು ಹೊರುತ್ತಿದ್ದೇನೆ. ಮಾವ, “ಬಾವಿಗೆ ನೀರು ಬೀಳೂತನಕ ಸೊಸಿ ತವರಿಗೆ ಹೋಗಂಗಿಲ್ಲ” ಎಂದಿದ್ದಾರೆ. ಅವರು ತೋಡಿಸುತ್ತಿರುವ ಬಾವಿಗೆ ಕರಿಗಲ್ಲು ಅಡ್ಡ ಬಂದು ಮೂರು ತಿಂಗಳಾಯಿತು.

ಮೊನ್ನೆ ಭೂಮಿ ಪರೀಕ್ಷೆಯ ಸಾಹೇಬರು ಬಂದಿದ್ದರು. “ಕೋಟ್ಯಂತರ ವರ್ಷದ ಹಿಂದ ಭೂಮಿ ಬಿರಿದಾಗ, ಕರಗಿದ ಕಲ್ಲು ಮ್ಯಾಲೇರಿ ಇಲ್ಲೇ ಗೋಡಿಹಂಗ ಸಿಕ್ಕೊಂಡದರಿ. ಇದರ ತಳ ಸಿಗಂಗಿಲ್ಲ. ನೀರು ಮೂಡಣ ಮಗ್ಗಲಿಗೆ ನಿಂತಿರಬೇಕು” ಎಂದರು. ಮಾವ ಕೇಳಲಿಲ್ಲ, ಇನ್ನೂ ಅದೇ ಕಲ್ಲು ಒಡೆಸುತ್ತಿದ್ದಾರೆ.

ಅಪ್ಪಾ, ಈ ಸೀಮೆಯಲ್ಲಿ ನಿಮ್ಮಷ್ಟು ಬಾವಿ ತೋಡಿದವರಿಲ್ಲ. ನನ್ನನ್ನು ಕರೆಯಲು ಬಂದೆ ಎನ್ನಬೇಡಿ. ಹಾರೆ ಹಿಡಿದು ಬನ್ನಿ, ಮೂಡಣಕ್ಕೆ ತೋಡಿ. ಮಾವ ಆಡಿದ ಮಾತಿಗೆ ತಪ್ಪುವವರಲ್ಲ.

ಅವ್ವನಿಗೆ ಏನೂ ಹೇಳಬೇಡಿ. ಸೀರೆಗಳ ಗಂಟು ಕಟ್ಟಿಟ್ಟಿದ್ದೇನೆ.

ನಿಮ್ಮ ದಾರಿ ಕಾಯುವ
ಮರೆಮ್ಮ