ಅವ್ವನ ಪಾಲಿನ ಅಗಸಿ ಹಿಂಡಿ

ನವೆಂಬರ್ ೧೨, ಬುಧವಾರ. ಬಸವಕಲ್ಯಾಣ

ಡಾಕ್ಟರರ ಮಾತು ಇನ್ನೂ ಚುಚ್ಚುತ್ತಿದೆ. ಬೆಳಿಗ್ಗೆ ಅವ್ವನನ್ನು ಹುಮನಾಬಾದಿಗೆ ಕರೆದೊಯ್ದು ತೋರಿಸಿದೆ. "ಹೋದ ನೆನಪು ತಿರುಗಿ ಬರೂದಿಲ್ರಿ. ಆದ್ರ ದಿನಾ ಅಗಸಿ ತಿನಸ್ರಿ, ಅದರಾಗಿನ ಎಣ್ಣಿ ಅಂಶ ಮಿದುಳಿಗೆ ಛಲೋ," ಎಂದರು.

ಈಗ ತಿನ್ನಿಸಬೇಕಂತೆ! ಜನ್ಮವಿಡೀ ರೊಟ್ಟಿಗೆ ಚಟ್ನಿಪುಡಿಯೆಂದು ಅಗಸಿ ಹಿಂಡಿ ಕುಟ್ಟಿದವಳು ಅವಳೇ. ಅಪ್ಪ, ಅಣ್ಣ ಉಂಡೆದ್ದ ಮೇಲೆ ಅವಳಿಗೆ ಉಳಿಯುತ್ತಿದ್ದುದು ಒಣರೊಟ್ಟಿ, ಖಾರ.

ಸಂಜೆ ನಾನೇ ಅಗಸಿ ಹುರಿದು, ಹಿಂಡಿ ಕುಟ್ಟಿ, ಬಿಸಿರೊಟ್ಟಿಯ ಜೊತೆ ಅವಳ ಮುಂದಿಟ್ಟೆ. ಅವಳು ತಾಟನ್ನು ಅಣ್ಣ ಅಜೀತನ ಕಡೆ ಸರಿಸಿದಳು.

"ಮೊದಲ ನನ್ನ ಮಗಾ ಉಣ್ಲಿ."

"ಅವ್ವಾ, ಇದು ನಿನಗ ಮಾಡೀನಿ."

"ನೀ ಯಾರವ್ವಾ?"

ಹೆತ್ತ ಮಗಳನ್ನು ಮರೆತಳು, ಗಂಡಸರಿಗೆ ಮೊದಲು ಬಡಿಸುವುದನ್ನು ಮರೆಯಲಿಲ್ಲ. ಅಣ್ಣ ಬೇಡವೆನ್ನಲಿಲ್ಲ. ರೊಟ್ಟಿ ಮುರಿದು, ಹಿಂಡಿ ಹಚ್ಚಿಕೊಂಡು, ಅವಳೆದುರಿಗೇ ಉಂಡ. ಅವ್ವ ಅವನನ್ನೇ ನೋಡುತ್ತ, ಹೊಟ್ಟೆ ತುಂಬಿದವಳಂತೆ ನಗುತ್ತಿದ್ದಳು.