ಸಾಹೇಬರು ಬರೆದುಕೊಂಡ ಮಾತು

ಹುಬ್ಬಳ್ಳಿ
೧೯ ಆಗಸ್ಟ್ ೧೯೪೦

ತೀರ್ಥರೂಪ ಅವ್ವನ ಪಾದಕ್ಕೆ ಇಂದುವಿನ ನಮಸ್ಕಾರ.

ನಿನ್ನ ಕಾಗದ ಬಂದು ಎಂಟು ದಿನವಾಯಿತು. ತಂಗಿ ಮಂದಾಕಿನಿಯನ್ನು ನನ್ನ ಮೈದುನ ದತ್ತುವಿಗೆ ಕೊಡಬಹುದೇ, ಮನೆ ಹೇಗೆ ಎಂದು ಕೇಳಿದ್ದಿ. ದತ್ತು ಒಳ್ಳೆಯವನು. ಮನೆಯಲ್ಲಿ ಉಣ್ಣಲು ಉಡಲು ಕೊರತೆಯಿಲ್ಲ. ಇಷ್ಟು ಬರೆದು ಮೂರು ಸಲ ಕಾಗದ ಹರಿದುಹಾಕಿದೆ. ಯಾಕೋ ನನಗೇ ತಿಳಿಯದು.

ನಮ್ಮ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿರುವ ಹಾವೆಲ್ಕಾ ಸಾಹೇಬರ ಸುದ್ದಿ ಹೇಳಬೇಕು. ಝೆಕ್ ದೇಶದವರು. ಪ್ರಾಗ್ ಊರಿನಲ್ಲಿ ಅವರು ರಚಿಸಿದ ಸಂಗೀತವನ್ನು ದೊಡ್ಡ ಸಭೆಗಳಲ್ಲಿ ನುಡಿಸುತ್ತಿದ್ದರಂತೆ. ಹೋದ ವರ್ಷ ಜರ್ಮನರು ದೇಶ ಹಿಡಿದಾಗ ಒಬ್ಬರೇ ಹೊರಬಿದ್ದರು. ಈಗ ರೈಲ್ವೆ ಅಧಿಕಾರಿಗಳ ಮಕ್ಕಳಿಗೆ ಪಿಟೀಲು ಕಲಿಸುತ್ತಾರೆ. ಜನ ಮಾತಾಡುವ ಧಾಟಿಯನ್ನು ಒಂದು ಪುಸ್ತಕದಲ್ಲಿ, ಅವರ ಕಡೆಯ ರೂಢಿಯಂತೆ ಐದು ಗೆರೆಗಳ ಮೇಲೆ, ಸ್ವರವಾಗಿ ಬರೆದುಕೊಳ್ಳುತ್ತಾರೆ. ಅವರ ಸಂಗೀತ ಹುಟ್ಟುವುದೇ ಅದರಿಂದಂತೆ.

ನಿನ್ನೆ ಸಂಜೆ ಪಡಸಾಲೆಯಲ್ಲಿ ಕೂತು ಪಿಟೀಲು ನುಡಿಸುತ್ತ, ಇದು ಯಾರ ದನಿ ಹೇಳಿ ಎಂದರು. ಕಾಯಿಪಲ್ಲೆ ಮಾರುವ ಮಾಶಾಬಿಯ ಕೂಗು, ಅತ್ತೆಯವರು ದತ್ತುವನ್ನು ಗದರಿಸುವುದು, ಎಲ್ಲ ಗುರುತು ಸಿಕ್ಕು ನಕ್ಕೆವು. ಕೊನೆಗೊಂದು ಸಣ್ಣ ಧಾಟಿ. ಯಾರಿಗೂ ತಿಳಿಯಲಿಲ್ಲ. ನನ್ನ ಯಜಮಾನರು, "ಯಾರೋ ಅಳಾಕತ್ತಾರಲ್ಲ" ಎಂದರು. ಸಾಹೇಬರು ನನ್ನ ಕಡೆ ನೋಡಿ ಪುಸ್ತಕ ಮುಚ್ಚಿಬಿಟ್ಟರು.

ಬೆಳಿಗ್ಗೆ ನೀರು ತುಂಬುವಾಗ, ಆ ಧಾಟಿ ಯಾರದೆಂದು ಸಾಹೇಬರನ್ನು ನಾನೇ ಕೇಳಿದೆ.

"ಅದು ನಿಮ್ಮ ಮಾತು, ವೈನಿ. ಛಲೋ ಇದ್ದೀರೇನ್ರಿ ಅಂತ ಕೇಳಿದ್ನಿ. ಎಲ್ಲಾ ಛಲೋ ಅದರಿ ಅಂದ್ರಿ."

ಅವರ ಕನ್ನಡವೆಲ್ಲ ದತ್ತು ಕಲಿಸಿದ್ದು, ಅತ್ತಿಗೆಯಾದ ನನ್ನನ್ನು ಅವನಂತೆ ವೈನಿ ಎಂದೇ ಕರೆಯುತ್ತಾರೆ. ಊರು ಬಿಡುವ ದಿನ ಸ್ಟೇಶನ್ನಿನಲ್ಲಿ ಅವರ ಹೆಂಡತಿಯೂ ಹೀಗೇ ಅಂದಳಂತೆ, ಎಲ್ಲ ಛಲೋ ಇದೆ, ಹೋಗು ಎಂದು. ರೂಢಿಯಂತೆ ಬರೆದುಕೊಂಡರು. ಹಡಗಿನಲ್ಲಿ ಅದನ್ನು ನುಡಿಸಿದಾಗ ತಿಳಿಯಿತು, ಆ ಧಾಟಿಯಲ್ಲಿ ಆಕೆ ಹೋಗಬೇಡ ಎಂದು ಬೇಡಿಕೊಂಡಿದ್ದಳು. ಈಗ ಆಕೆಯ ಕಾಗದವೂ ಬರುವುದಿಲ್ಲ. ಆಕೆಯ ಆ ಮಾತಿನ ನಾಲ್ಕು ಸ್ವರಗಳ ಮೇಲೆ ಹೊಸ ಸಂಗೀತವೊಂದನ್ನು ಬರೆಯುತ್ತಿದ್ದಾರೆ, ಮುಗಿಯುತ್ತಲೇ ಇಲ್ಲ.

ಅವ್ವಾ, ನಾನು ಅಳುತ್ತಿದ್ದೇನೆಯೇ? ಇಲ್ಲಿ ಯಾರೂ ಹೊಡೆಯುವುದಿಲ್ಲ, ಬೈಯುವುದಿಲ್ಲ. ಕೂಸು ತೀರಿಹೋದಾಗಿನಿಂದ ಯಜಮಾನರು ನನ್ನೊಡನೆ ಮಾತಾಡುವುದಿಲ್ಲ, ಅಷ್ಟೇ. ಅತ್ತೆಯವರು ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ. ಈ ಎರಡು ವರ್ಷದಲ್ಲಿ ಹೇಗಿದ್ದೀ ಎಂದು ಕೇಳಿದವರು ಆ ಪರದೇಶಿ ಮನುಷ್ಯರೊಬ್ಬರೇ. ಇದಕ್ಕೆ ದುಃಖ ಅನ್ನಬೇಕೋ ಬೇಡವೋ ಗೊತ್ತಾಗುತ್ತಿಲ್ಲ.

ಮಂದಾಕಿನಿಗೆ ಆಶೀರ್ವಾದ. ಇಲ್ಲಿ ಎಲ್ಲ ಕ್ಷೇಮ.

ನಿನ್ನ ಮಗಳು,
ಇಂದು

ತಾ.ಕ.: "ಎಲ್ಲ ಕ್ಷೇಮ" ಎಂದು ಬರೆದದ್ದನ್ನು ಗಟ್ಟಿಯಾಗಿ ಓದಿ ನೋಡಿದೆ. ಮಂದಾಕಿನಿಯನ್ನು ಈ ಮನೆಗೆ ಕೊಡಬೇಡ. ನನ್ನನ್ನು ಕರೆದೊಯ್ಯಲು ಅಪ್ಪನನ್ನು ಲಗೂ ಕಳಿಸು.