ಗ್ರೈಂಡರ್ ಹಿಡಿದ ಬರಿಗೈ

೬ ಫೆಬ್ರುವರಿ ೧೯೮೪, ಸೋಮವಾರ. ಮಧ್ಯಾಹ್ನ

ಬಳೆ ತೆಗೆದು ಡಬ್ಬಿಗೆ ಹಾಕಿದೆ. ತಾಳಿ ಕುಪ್ಪಸದ ಒಳಗೆ. ಸೆರಗು ಬಿಗಿದು ಸೊಂಟಕ್ಕೆ. ಮೇಲೆ ಇವರ ಹಳೆ ಅಂಗಿ, ಗುಂಡಿ ಎಲ್ಲಾ ಹಾಕಿ. ಜಡೆ ಸುತ್ತಿ ತಲೆಗೆ ಬಟ್ಟೆ. ಕೊನೆಗೆ ಗಾಗಲ್. ದಿನಾ ಇದೇ. ವೆಲ್ಡಿಂಗ್ ಯಂಕೋಬ ದಿನಾ ಕೆಲಸ ನಿಲ್ಲಿಸಿ ನೋಡುತ್ತಾನೆ.

"ಬಸ್ಸಮ್ಮಕ್ಕಾ, ನೀ ತಯಾರಾಗೋದ್ರಾಗ ನಾ ಒಂದು ಕಿಟಕಿ ಜೋಡಿಸಿ ಮುಗಿಸ್ತೀನಿ. ಮಷಿನ್ ಹಿಡಿತೀಯೋ, ನಾಟಕದಾಗ ಪಾರ್ಟ್ ಮಾಡ್ತೀಯೋ."

 ಜನರ ಮುಂದೆ ಬಾಯಿ ಏಳುವುದಿಲ್ಲ ನನಗೆ. ಕಲ್ಲೂರ ಸಾಲಿಯಲ್ಲಿ ನಾಲ್ಕನೇ ಇಯತ್ತೆಯ ತನಕ ಕೂತೆ. ಅಲ್ಲಿಯೂ ಮಾಸ್ತರು ಕೇಳಿದ್ದಕ್ಕೆ ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದೆ. ಈಗಲೂ ಹಾಗೇ. ಹೇಳದೆ ಉಳಿದದ್ದು ಇಲ್ಲಿಗೆ ಬರುತ್ತದೆ.

ಇವತ್ತು ಕಬ್ಬಿಣ ತಿಕ್ಕುವ ಗ್ರೈಂಡರಿಗೆ ಹೊಸ ಡಿಸ್ಕ್. ಮೊದಲು ಪ್ಲಗ್ ಕಿತ್ತೆ. ಡಿಸ್ಕ್ ಬೆಳಕಿಗೆ ಹಿಡಿದು ಸುತ್ತಲೂ ನೋಡಿದೆ, ಬಿರುಕಿಲ್ಲ. ಕೂರಿಸಿ, ಡಿಸ್ಕಿನ ಅರ್ಧ ಮುಚ್ಚುವ ಗಾರ್ಡ್ ನನ್ನ ಕಡೆಗೆ ತಿರುಗಿಸಿ ಬಿಗಿದು, ಗೋಡೆಯ ಕಡೆ ಹಿಡಿದು ಸ್ವಲ್ಪ ಹೊತ್ತು ಖಾಲಿ ಓಡಿಸಿದೆ. ಒಡೆಯುವುದಿದ್ದರೆ ಗೋಡೆಗೆ ಒಡೆಯಲಿ.

ಇದೆಲ್ಲ ನನಗಿಂತ ಮೊದಲು ಈ ಮಷಿನ್ ಹಿಡಿಯುತ್ತಿದ್ದ ಸೈಫುದ್ದೀನ್ ಹೇಳಿಕೊಟ್ಟದ್ದು. ಅವನು ಶಕ್ತಿನಗರದ ಕೆಲಸಕ್ಕೆ ಹೋದ. ಅಲ್ಲಿಯ ತನಕ ನಾನು ಕಬ್ಬಿಣ ಹೊರುತ್ತಿದ್ದೆ, ಅರ ಹಿಡಿದು ವೆಲ್ಡಿಂಗ್ ಗಂಟು ತಿಕ್ಕುತ್ತಿದ್ದೆ. ಹೋಗುವಾಗ ಮಷಿನ್ ನನ್ನ ಕೈಗೆ ಇಟ್ಟು ಹೇಳಿದ — "ಎರಡೂ ಕೈಲೆ ಹಿಡಿ. ಸ್ವಿಚ್ ಆರಿಸಿದ ಮ್ಯಾಲೂ ಇದು ಮಾತ ಕೇಳಂಗಿಲ್ಲ, ನಿಲ್ಲೋ ತನಕ ಕೆಳಗ ಇಡಬ್ಯಾಡ. ಕೈಯಾಗ ಬಳಿ, ಉಂಗುರ, ದಾರ ಏನೂ ಇರಬಾರದು. ಜೋತಾಡೋದೆಲ್ಲಾ ಇದರ ಊಟ."

ಅಂಗಡಿಯ ಮಾಲೀಕ ಸತ್ತಾರ್ ಸಾಬ್ ಮೊದಲು ನಕ್ಕರು. ನಾನು ತಿಕ್ಕಿದ ಗೇಟಿನ ಮೇಲೆ ಬೆರಳಾಡಿಸಿ ನೋಡಿದರು. ಆಮೇಲೆ ನಗಲಿಲ್ಲ.

೧೦ ಫೆಬ್ರುವರಿ, ಶುಕ್ರವಾರ

ಸಾಬ್ ನಮಾಜಿಗೆ ಹೋಗಿದ್ದಾರೆ. ಅಂಗಡಿ ಮುಂದಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ.  

ಅತ್ತೆ ಬಂದಿದ್ದರು. ದೇವದುರ್ಗದಿಂದ ಬಸ್ಸಿಳಿದು ನೇರ ಇಲ್ಲಿಗೇ, ಮನೆಯ ಕೀಲಿಗೆ. ವೆಂಕಮ್ಮನ ಮದುವೆ ಗೊತ್ತಾಗಿದೆ, ಇವರ ತಂಗಿ. ಖುಷಿಯಿಂದ ಹೇಳುತ್ತಾ ಹೇಳುತ್ತಾ ಕೀಲಿಗೆ ಕೈ ಚಾಚಿದರು. ನಾನು ಕೊಟ್ಟೆ. ಮಾತು ಅಲ್ಲಿಗೇ ನಿಂತಿತು.

"ಕೈ ಯಾಕ ಬರೇ ಅದಾವ?"

"ಮಷಿನ್ ಹಿಡಿವಾಗ ತೆಗಿತೀನಿ ಅತ್ತಿ. ಸಂಜಿಗಿ ಹಾಕ್ಕೊತೀನಿ."

"ನನ್ನ ಮಗ ಬದುಕ್ಯಾನ."

ಅಷ್ಟೇ ಅಂದರು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ಯಂಕೋಬ ಕೂಡ ತಲೆ ತಗ್ಗಿಸಿದ.

ಅವರ ಕೈಯೂ ಬರೇ. ವೆಂಕಮ್ಮ ಮೊಲೆ ಕುಡಿಯುವಾಗಲೇ ಮಾವ ಹೋದರಂತೆ. ಕಾಲುವೆ ಕೆಲಸದಲ್ಲಿ ಮಣ್ಣು ಹೊತ್ತು ಮಕ್ಕಳನ್ನು ಸಾಕಿದವರು. ಬರಿಗೈ ಅಂದರೆ ಏನು ಅಂತ ಅವರಿಗೆ ಯಾರೂ ಹೇಳಬೇಕಿಲ್ಲ. ಅದು ಗೊತ್ತು ನನಗೆ. ಆದರೂ ಮಧ್ಯಾಹ್ನದ ಮೇಲೆ ಬಳೆ ಹಾಕಲಿಲ್ಲ. ಕೆಲಸ ಇತ್ತು.

೨೬ ಫೆಬ್ರುವರಿ, ಭಾನುವಾರ. ದೇವದುರ್ಗ

ಇವತ್ತು ಬಳೆ ಇಡಿಸಿದರು. ಮದುವೆಯ ಮನೆ, ಹೆಂಗಸರಿಗೆಲ್ಲ ಹಸಿರು ಗಾಜಿನ ಬಳೆ. ಬಳೆಗಾರ್ತಿ ನೂರ್ ಬೀ ಪಡಸಾಲೆಯಲ್ಲಿ ಬುಟ್ಟಿ ಬಿಚ್ಚಿ ಕೂತಿದ್ದಳು. ಅತ್ತೆ ಹೊಸ್ತಿಲ ಆಚೆ, ಈ ಕೆಲಸದಲ್ಲಿ ಅವರು ಮುಂದೆ ಬರುವ ಹಾಗಿಲ್ಲ. ಅಲ್ಲಿಂದಲೇ ಅಂದರು — "ನೂರ್ ಬೀ, ನನ್ನ ಸೊಸಿಗಿ ಸಣ್ಣ ಅಳತಿ ಇಡು. ಬಿಗಿ ಇರಬೇಕು."

ನನ್ನ ಬೆರಳು ಕೂಡಿಸಿ ಹಿಂಡಿ ಹಿಂಡಿ ಏರಿಸಿದಳು. ಹೆಬ್ಬೆರಳಿನ ಬುಡದ ಎಲುಬು ಕಣ್ಣಲ್ಲಿ ನೀರು ತಂದಿತು.

"ಕೈ ಸಡಲ ಬಿಡವ್ವ. ಕಳ್ಳನ್ನ ಹಿಡದ ಪೊಲೀಸ್ ಅಲ್ಲ ನಾನು. ಏನಿದು, ಅಂಗೈಯಾಗ ಇಷ್ಟು ದಡ್ಡು? ಗಂಡಸರ ಕೈಗಿ ಬಳಿ ಇಟ್ಟಂಗ ಆತು."

ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ, ಮತ್ತೇನು ಮಾಡಲಿ.

ಆಮೇಲೆ ಮೆಲ್ಲಗೆ ಕೇಳಿದೆ — ತೆಗೆಯಲು ಬರುತ್ತವೆಯೇ ಅಂತ. ನೂರ್ ಬೀ ಹೆಮ್ಮೆಯಿಂದ ಅಂದಳು — "ನಾ ಇಟ್ಟದ್ದು ಬರಂಗಿಲ್ಲ. ತಾವಾಗೇ ಹೆಚ್ಚಬೇಕು." ಬಳೆ ಒಡೆಯಿತು ಅಂತ ಯಾರೂ ಬಾಯಿಂದ ಅನ್ನುವುದಿಲ್ಲ. ಹೆಚ್ಚಿತು ಅನ್ನುತ್ತಾರೆ. ಮುತ್ತೈದೆ ತಾನಾಗಿ ಒಡೆದುಕೊಂಡಳು ಎನ್ನುವ ಮಾತಂತೂ ಇಲ್ಲವೇ ಇಲ್ಲ.

ಹೊಸ್ತಿಲ ಕಡೆ ನೋಡಿದೆ. ಅತ್ತೆ ನನ್ನ ಕೈಯನ್ನೇ ನೋಡುತ್ತಿದ್ದರು. ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಹೆದರಿಕೆ ಇಳಿದ ಕಳೆ.

೫ ಮಾರ್ಚ್, ಸೋಮವಾರ. ಸಂಜೆ. ರಾಯಚೂರು

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿವೆ.

ಬೆಳಿಗ್ಗೆ ಸಾಬೂನು ಹಚ್ಚಿದೆ. ಎಣ್ಣೆ ಹಚ್ಚಿದೆ. ಬರಲಿಲ್ಲ. ಕೆಲಸ ಬಿಡುವ ಹಾಗಿಲ್ಲ — ಮಾನ್ವಿಯ ಹೆಣ್ಣುಮಕ್ಕಳ ಸಾಲಿಯ ಗೇಟು ಅರ್ಧ ಆಗಿದೆ. ಸಾಬ್ ಕಬ್ಬಿಣ ತರಲು ಹೋಗಿದ್ದರು. ನನಗೆ ನಾನೇ ಶಾಣೆ ಅನಿಸಿಕೊಂಡೆ. ಹಳೆ ಸೀರೆಯ ಪಟ್ಟಿ ಹರಿದು ಬಳೆಗಳ ಮೇಲೆ ಬಿಗಿಯಾಗಿ ಸುತ್ತಿದೆ. ಬಳೆ ಅಲುಗದಿದ್ದರೆ ಆಯಿತಲ್ಲ.

ಬಳೆ ಅಲುಗಲಿಲ್ಲ. ಪಟ್ಟಿಯ ತುದಿ ಬಿಚ್ಚಿತು. ನನಗೆ ಕಾಣಲೇ ಇಲ್ಲ. ಡಿಸ್ಕಿಗೆ ಕಂಡಿತು.

ಎಳೆದ ಎಳೆತಕ್ಕೆ ಮಷಿನ್ ನನ್ನ ಮೈಮೇಲೆ ಏರಿ ಬಂತು. ಗಾರ್ಡ್ ಮಣಿಕಟ್ಟಿಗೆ ಬಡಿಯಿತು. ಒಂದು ಬಳೆ ಚೂರಾಗಿ, ಚೂರು ಒಳಗೆ ನೆಟ್ಟಿತು. ಯಂಕೋಬ ಹಾರಿ ಬಂದು ಪ್ಲಗ್ ಕಿತ್ತ. ಅವನೇ ಚೂರು ತೆಗೆದ, ಅವನೇ ನೀರು ಕುಡಿಸಿದ. ನಾಟಕದ ಮಾತು ಆಡಲಿಲ್ಲ.

"ಕವರ್ ಇತ್ತಂತ ಬಚಾವಾದಿ," ಅಂದ.

ಗಾರ್ಡ್ ಇರದಿದ್ದರೆ ಈ ಕೈ…

ಉಳಿದ ಬಳೆ ಹಾಗೇ ಇವೆ. ಬಾವು ಬಂದು ಇನ್ನೂ ಬಿಗಿ.

೬ ಮಾರ್ಚ್, ಮಂಗಳವಾರ

ಸಾಬ್ ಕೈ ನೋಡಿದರು. ಬೈಯಲಿಲ್ಲ. ಗಡ್ಡ ಎಳೆದುಕೊಂಡು ಕೂತರು.

"ನೋಡು ಬೇಟಿ, ಬಳಿ ತಗದ ಬಾ, ಇಲ್ಲಾ ಅರ ಹಿಡಿ. ಬಳಿ ಮತ್ತ ಮಷಿನ್ ಎರಡೂ ನನ್ನ ಅಂಗಡ್ಯಾಗ ನಡಿಯಂಗಿಲ್ಲ. ನಾಳಿ ಏನರ ಆದ್ರ ನಿನ್ನ ಗಂಡ ಅಯ್ಯಣ್ಣಗ ಯಾವ ಮಾರಿ ತೋರಸ್ಲಿ? ಅರ ಹಿಡದ್ರ ಗ್ರೈಂಡರ್ ಯಂಕೋಬ ನೋಡ್ಕೊತಾನ."

ಸರಿಯಾದ ಮಾತು. ಅದಕ್ಕೇ ಸಿಟ್ಟು.

ಸಂಜೆ ಇವರಿಗೆ ಹೇಳಿದೆ. ಹತ್ತಿ ಬಿಡಿಸುವ ಜಿನ್ ಕಾರ್ಖಾನೆಯಿಂದ ಬಂದಿದ್ದರು, ಮೈತುಂಬ ಹತ್ತಿಯ ಎಳೆ.

"ಸ್ವಲ್ಪ ದಿನ ತಡಿ. ಮದುವಿ ಬಳಿ ಅವು. ಅವ್ವಗ ಏನಂತ ಹೇಳ್ಲಿ?"

"ನಿಮ್ಮ ಜಿನ್ನಿನ್ಯಾಗ ಪಟ್ಟಾ ತಿರಗೋ ಕಡಿ ಧೋತರ ಜೋತಾಡಿಸ್ಕೊಂಡು ನಿಂದರಾಕ ಬಿಡ್ತಾರೇನು?"

"ಅದು ಬ್ಯಾರೆ."

"ಹೆಂಗ ಬ್ಯಾರೆ?"

 ರೊಟ್ಟಿ ಮುರಿದರು. ನಾನು ಅರ ಹಿಡಿಯುತ್ತೇನೆ ಅಂತ ಅಂದುಕೊಂಡಿದ್ದಾರೆ. ಎಲ್ಲರೂ ಅಂದುಕೊಂಡಿದ್ದಾರೆ.

೯ ಮಾರ್ಚ್, ಶುಕ್ರವಾರ

ಅರವೇ ಹಿಡಿದೆ ಈ ದಿನಗಳು. ಗೇಟಿನ ಒಂದು ಗಂಟು ತಿಕ್ಕುವುದರಲ್ಲಿ ಆಚೆ ಯಂಕೋಬ ಒಂದು ಸಾಲು ಮುಗಿಸುತ್ತಾನೆ. ಮುಗಿಸಲಿ. ಆದರೆ ಹೇಗೆ ಮುಗಿಸುತ್ತಾನೆ. ಗೆರೆ ಗೆರೆ, ಹೊಂಡ ಹೊಂಡ. ಹುಡುಗಿಯರು ಕೈಯಿಟ್ಟು ತಳ್ಳುವ ಗೇಟದು.

ಇವತ್ತು ಗಾರ್ಡೇ ಬಿಚ್ಚಿ ಇಟ್ಟ. ಮೂಲೆ ಕಾಣುವುದಿಲ್ಲವಂತೆ. ಬರೀ ಡಿಸ್ಕ್, ಅವನ ಮುಖದ ಸಮಕ್ಕೆ. ಸಾಬ್ ನಮಾಜಿಗೆ ಹೋಗಿದ್ದರು. ಹೇಳಬೇಕು ಅಂದರೆ ನಾಲಗೆ ಅಂಟಿಕೊಂಡಿತು. ಎದ್ದು ಹೋಗಿ ಪ್ಲಗ್ ಕಿತ್ತೆ.

"ಏ, ಏನಾಗೇದ ನಿನಗ?"

ಮಣಿಕಟ್ಟಿನ ಬಾವು ತೋರಿಸಿದೆ. ಗಾರ್ಡ್ ಎತ್ತಿ ಅವನ ಮುಂದೆ ಇಟ್ಟೆ. ಪ್ಲಗ್ ಮುಷ್ಟಿಯಲ್ಲೇ ಇತ್ತು.

"ಕೊಡು ಬೇ. ಆಯ್ತು, ಹಾಕ್ತೀನಿ. ನಮ್ಮವ್ವನೂ ಇಷ್ಟು ಕಾಡಿಲ್ಲ ನನ್ನ."

ಬಿಗಿದ. ಬಿಗಿದದ್ದು ಅಲುಗಿಸಿ ನೋಡಿ ಪ್ಲಗ್ ಕೊಟ್ಟೆ.

ಒಂದು ಗೊತ್ತಾಯಿತು. ನಾನು ಮಾತಾಡದೆ ಇದ್ದರೂ ನಡೆಯುತ್ತದೆ. ಮಾಡದೆ ಇದ್ದರೆ ನಡೆಯುವುದಿಲ್ಲ.

೧೦ ಮಾರ್ಚ್, ಶನಿವಾರ. ಬೆಳಿಗ್ಗೆ

ಒಡೆದೆ.

ಮನೆಯಲ್ಲೇ, ಇವರ ಎದುರಿಗೆ. ಕದ್ದು ಒಡೆದರೆ ತಪ್ಪು ಮಾಡಿದ ಹಾಗೆ. ಕೈ ಮೇಲೆ ಒದ್ದೆ ಬಟ್ಟೆ ಹೊದಿಸಿ, ಒರಳಿನ ಅಂಚಿಗೆ ಇಟ್ಟು, ಗುಂಡಿನಿಂದ ಮೆಲ್ಲಗೆ ತಟ್ಟಿದೆ. ಮೊದಲನೆಯದಕ್ಕೆ ಕಣ್ಣು ಮುಚ್ಚಿದೆ. ಆಮೇಲೆ ಇಲ್ಲ. ಇವರು ಮುಖ ತಿರುಗಿಸಿ ನಿಂತರು. 

ಮುಗಿದ ಮೇಲೆ — "ಆತಲ್ಲ. ಹಂಗ ಕುಂದ್ರು, ಚೂರು ಕಾಲಿಗಿ ಚುಚ್ಚತಾವ." ತಾವೇ ಕಸಬರಿಗೆ ತಂದು ಗುಡಿಸಿದರು. ಗುಡಿಸುತ್ತಾ ಒಂದು ಸಲ ತಮ್ಮ ಎದೆ ಮುಟ್ಟಿ ನೋಡಿಕೊಂಡರು. ನೋಡಿದೆ ನಾನು. ನಗು ಬಂತು, ಅಳುವೂ ಬಂತು. ಗಟ್ಟಿಯಾಗೇ ಇದ್ದಾರೆ. ಜಿನ್ನಿಗೆ ಹೋದರು.

ಹೆಚ್ಚಿದವು ಅಂತ ಬರೆಯುವುದಿಲ್ಲ. ಒಡೆದೆ. ನನ್ನ ಕೈ, ನಾನೇ.

ಕೆಲಸಕ್ಕೆ ಹೊತ್ತಾಯಿತು.

೧೮ ಮಾರ್ಚ್, ಭಾನುವಾರ

ಸುದ್ದಿ ಬಸ್ಸಿಗಿಂತ ಮೊದಲು ದೇವದುರ್ಗ ಮುಟ್ಟಿದೆ. ಅತ್ತೆ ಬಂದರು. ಚೀಲ ಕೆಳಗೆ ಇಡದೆ ಬಾಗಿಲಲ್ಲೇ ನಿಂತು ನನ್ನ ಕೈ ನೋಡಿದರು. ರಜೆಯ ದಿನ, ಬಳೆ ಹಾಕಿದ್ದೆ. ತೀನ್ ಕಂದೀಲ್ ಪೇಟೆಯಲ್ಲಿ ಕೊಂಡ ದೊಡ್ಡ ಅಳತೆಯವು. ಸಾಬೂನಿಲ್ಲದೆ ಬರುವಂಥವು.

"ಇವು ಅಲ್ಲ. ನಾ ಇಡಿಸಿದ್ದು ಎಲ್ಲಿ?"

"ಒಡದೆ ಅತ್ತಿ."

ಕೂತರು. ಚೀಲ ಮಡಿಲಿಗೆ ಎಳೆದುಕೊಂಡು ಅಂದರು — "ನನ್ನವು ಹೊಳಿ ದಂಡಿಗಿ ಕುಂದ್ರಿಸಿ ಒಡದ್ರು. ಬ್ಯಾಡ್ರೀ ಬ್ಯಾಡ್ರೀ ಅಂತ ಕೈ ಎದಿಗಿ ಅವಚಿಕೊಂಡಿದ್ದೆ. ಎಳದ ಒಡದ್ರು. ನೀ ನಿನ್ನ ಕೈಲೆ ಒಡಕೊಂಡಿ. ಹೆಂಗ ಮನಸ ಬಂತು?"

ಇವರು ಏನೋ ಹೇಳಲು ಹೋದರು. ನಾನೇ ಹೇಳಿದೆ. ಎಲ್ಲಿಂದ ಬಂತೋ ಧ್ವನಿ, ಪಕ್ಕದ ಮನೆಗೂ ಕೇಳಿರಬೇಕು.

"ಆ ಬರಿಗೈಲೇ ಮಣ್ಣ ಹೊತ್ತು ಇವರನ್ನ ಬೆಳಸೀರಿ. ನಿಮ್ಮ ಕೈಗಿ ಏನು ಕಡಿಮಿ ಆಗೇದ ಅತ್ತಿ? ನಾ ಬಳಿ ಬ್ಯಾಡ ಅಂದಿಲ್ಲ. ತಗಿಯಾಕ ಬರದ ಬಳಿ ಬ್ಯಾಡ ಅಂದೀನಿ. ಮಷಿನ್ ಬಿಡಂಗಿಲ್ಲ. ಮದ್ಲ ಈ ಗಾಯ ನೋಡ್ರಿ, ಆಮ್ಯಾಲ ಬೈರಿ."

ಕೈ ಮುಂದೆ ಹಿಡಿದೆ. ನೋಡಲಿಲ್ಲ. ಉಣ್ಣಲೂ ಇಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದಾರೆ.

ಹಿಂದಕ್ಕೆ ತಗೊಳ್ಳುವುದಿಲ್ಲ ನಾನು. ಒಂದು ಮಾತೂ.

೨೦ ಮಾರ್ಚ್, ಮಂಗಳವಾರ. ಮಾನ್ವಿ, ಸಾಲಿ ಮುಂದೆ

ಕರೆಂಟಿಲ್ಲ. ಗೇಟು ನಿಲ್ಲಿಸಿ ಆಗಿದೆ, ಕೀಲುಗಳ ಹತ್ತಿರ ತಿಕ್ಕುವುದು ಅರ್ಧಕ್ಕೆ ನಿಂತಿದೆ. ಸಿಮೆಂಟ್ ಚೀಲದ ಮೇಲೆ ಕೂತಿದ್ದೇನೆ.

ಬೆಳಿಗ್ಗೆ ಗೇಟು ಟೆಂಪೋಕ್ಕೆ ಏರಿಸುವಾಗ ಅತ್ತೆ ಅಂಗಡಿಗೆ ಬಂದು ನಿಂತರು. ಮೊನ್ನೆಯಿಂದ ನನ್ನ ಜೊತೆ ಮಾತಿಲ್ಲ. ಸಾಬ್‌ಗೆ ಅಂದರು — "ಸಾಬ್ರ, ನಾನೂ ಬರ್ತೀನಿ. ಏನು ಮಷಿನ್ ಅದು, ನೋಡೇಬಿಡ್ತೀನಿ." ಸಾಬ್ ನನ್ನ ಕಡೆ ನೋಡಿದರು. ಬರಲಿ ಅಂದೆ. ಮುಂದೆ ಡ್ರೈವರ್ ಪಕ್ಕ ಕೂತು ಬಂದರು. ಹಿಂದೆ ನಾವು, ಗೇಟು ಹಿಡಿದುಕೊಂಡು.

ಇಲ್ಲಿ ಜನವೋ ಜನ. ಹೆಂಗಸು ಮಷಿನ್ ಹಿಡಿಯುತ್ತಾಳೆ ಅಂತ ಸಂತೆ ಬಿಟ್ಟು ಬಂದವರಿದ್ದಾರೆ. ಎಲ್ಲರ ಎದುರಿಗೆ ಬಳೆ ತೆಗೆದು ಡಬ್ಬಿಗೆ ಹಾಕಿದೆ. ನಿಧಾನವಾಗಿ, ಒಂದೊಂದೇ. ಕಿಡಿ ಗೋಡೆಯ ಕಡೆ ಹೋಗುವ ಹಾಗೆ ನಿಂತು ಶುರು ಮಾಡಿದೆ. ಬೆನ್ನ ಮೇಲೆ ಅತ್ತೆಯ ಕಣ್ಣು ಇದ್ದದ್ದು ಗೊತ್ತಾಗುತ್ತಿತ್ತು.

ಕೂಸು ಎತ್ತಿಕೊಂಡ ಒಬ್ಬಾಕೆ ಅತ್ತೆಯನ್ನೇ ಕೇಳಿದಳು — "ಪಾಪ, ಈಕಿ ಗಂಡ ಇಲ್ಲೇನವ್ವ?" ಆಗಲೇ ಕರೆಂಟು ಹೋಗಿ ಮಷಿನ್ ಸುಮ್ಮನಾಗುತ್ತಿತ್ತು, ನನಗೂ ಕೇಳಿತು. ಡಿಸ್ಕ್ ನಿಂತಿತು. ಸ್ವಿಚ್ ಆರಿಸಿದೆ, ಪ್ಲಗ್ ಕಿತ್ತೆ. ತಿರುಗಿ ನೋಡಲಿಲ್ಲ. ಏನು ಹೇಳುತ್ತಾರೋ ಹೇಳಲಿ.

"ಅದಾನ. ಜಿನ್ನಿನ್ಯಾಗ ದುಡಿತಾನ, ಗಟ್ಟಿ ಅದಾನ," ಅಂದರು ಅತ್ತೆ. "ನೀ ಕೂಸಿನ್ನ ಹಿಂದಕ ಒಯ್ಯಿ. ಕಣ್ಣಿಗಿ ಕಿಡಿ ಬಿದ್ರ ಯಾರ ಹೊಣಿ."

ಆಮೇಲೆ ನನ್ನ ಹತ್ತಿರ ಬಂದರು. ನನ್ನ ಮುಖ ನೋಡದೆ, ಮಷಿನ್ ನೋಡುತ್ತಾ —

"ಕರೆಂಟ್ ತಾನ ಹೋಗೇದ. ಪ್ಲಗ್ ಯಾಕ ಕಿತ್ತಿ?"

"ಬಂದ ಕೂಡಲೇ ತಾನ ತಿರಗಬಾರದಂತ ಅತ್ತಿ."

"ಹೂಂ."

ಅಷ್ಟೇ. ಒಪ್ಪಿದ್ದಾರೆ ಅಂತ ಬರೆಯುವುದಿಲ್ಲ. ಬಳೆಯ ಮಾತು ಮತ್ತೆ ಬರುತ್ತದೆ, ಮನೆಗೆ ಹೋದ ಮೇಲೆ, ಹಬ್ಬಕ್ಕೆ, ವೆಂಕಮ್ಮನ ಬಾಣಂತನಕ್ಕೆ. ಬರಲಿ. ನನಗೂ ಬಾಯಿ ಬಂದಿದೆ ಈಗ. ಅತ್ತೆ ಗೇಟಿನ ಕಂಬಿ ಮುಟ್ಟಿ ನೋಡುತ್ತಿದ್ದಾರೆ, ನಾನು ತಿಕ್ಕಿದ ಕಡೆ ಒಮ್ಮೆ, ಯಂಕೋಬ ತಿಕ್ಕಿದ ಕಡೆ ಒಮ್ಮೆ. ಮತ್ತೆ ನಾನು ತಿಕ್ಕಿದ —

ಕರೆಂಟು ಬಂತು, ಸಾಲಿಯ ಬಲ್ಬು ಹತ್ತಿತು. ಯಂಕೋಬ ಪ್ಲಗ್ ಹಿಡಿದು ನಿಂತಿದ್ದಾನೆ, ನಾನು ಹೂಂ ಅನ್ನುವ ತನಕ ಚುಚ್ಚುವುದಿಲ್ಲ.